ಮಹಾಯುದ್ಧವು ಮಗ್ಗುಲು ಬದಲಿಸಿದ ಎಂಟು ತಿಂಗಳು



ನವೆಂಬರ್ ನಮಗೆ ಎರಡು ಸ್ಮರಣೆಗಳ ತಿಂಗಳು. ಮೊದಲ ದಿನ ಕನ್ನಡ ರಾಜ್ಯೋತ್ಸವ. ಹನ್ನೊಂದನೆಯ ದಿನ, ನಾವು ನೆಲೆಸಿರುವ ಈ ಬ್ರಿಟನ್ನಿನಲ್ಲಿ, ಯುದ್ಧಗಳಲ್ಲಿ ಮಡಿದವರ ನೆನಪಿಗೆ ಎರಡು ನಿಮಿಷಗಳ ಮೌನ. ಎದೆಗೆ ಕೆಂಪು ಪಾಪಿ ಹೂವನ್ನು ಸಿಕ್ಕಿಸಿಕೊಂಡು ಶಾಲೆಯಿಂದ ಮರಳುವ ನಮ್ಮ ಮಕ್ಕಳು ಜೊತೆಗೆ ಪ್ರಶ್ನೆಗಳನ್ನೂ ತರುತ್ತಾರೆ. ಎರಡನೆಯ ಮಹಾಯುದ್ಧವನ್ನು ಗೆದ್ದವರು ಯಾರು? ಆಗ ನಾವು ಯಾವ ಪಕ್ಷದಲ್ಲಿದ್ದೆವು?

ಮೊದಲನೆಯ ಪ್ರಶ್ನೆಗೆ ಪ್ರತಿಯೊಂದು ದೇಶವೂ ತನ್ನದೇ ಉತ್ತರವನ್ನು ಇಟ್ಟುಕೊಂಡಿದೆ. ಬ್ರಿಟನ್ನಿನವರು ಎಲ್ ಅಲಮೈನ್ ಎನ್ನುತ್ತಾರೆ, ಅಮೆರಿಕದವರು ಮಿಡ್‌ವೇ ಎನ್ನುತ್ತಾರೆ, ರಷ್ಯದವರು ಸ್ಟಾಲಿನ್‌ಗ್ರಾಡ್ ಎನ್ನುತ್ತಾರೆ. ಈ ಮೂರೂ ಕದನಗಳು ನಡೆದದ್ದು 1942ರ ಜೂನ್‌ನಿಂದ 1943ರ ಫೆಬ್ರವರಿಯವರೆಗಿನ ಎಂಟು ತಿಂಗಳ ಅವಧಿಯಲ್ಲಿ. ಇವು ಮೂರು ಬೇರೆ ಬೇರೆ ತಿರುವುಗಳಲ್ಲ, ಒಂದೇ ತಿರುವಿನ ಮೂರು ಮುಖಗಳು ಎಂಬುದು ನಮ್ಮ ಎಣಿಕೆ. ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದದ್ದು. ಅದಕ್ಕೆ ಉತ್ತರ ಹುಡುಕಬೇಕಾದರೂ ಇದೇ ಎಂಟು ತಿಂಗಳ ಕಥೆಯ ಮೂಲಕವೇ ಹಾದುಹೋಗಬೇಕು.

1942ರ ಭೂಪಟ

ಅಂದಿನ ಭೂಪಟವನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಫ್ರಾನ್ಸ್ 1940ರಲ್ಲಿಯೇ ಶರಣಾಗಿತ್ತು. 1941ರ ಜೂನ್ 22ರಂದು ಸೋವಿಯೆತ್ ಒಕ್ಕೂಟದ ಮೇಲೆ ದಾಳಿಯಿಟ್ಟ ಜರ್ಮನ್ ಸೇನೆ ಮಾಸ್ಕೋದ ಹೊಸ್ತಿಲಿನಲ್ಲಿ ತಡೆಯಲ್ಪಟ್ಟಿದ್ದರೂ ಉಕ್ರೇನಿನ ಕೃಷಿಭೂಮಿಯೆಲ್ಲ ಅದರ ವಶದಲ್ಲಿತ್ತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಎರಗಿದ ಜಪಾನ್, ಆರು ತಿಂಗಳೊಳಗೆ ಮಲಯ, ಫಿಲಿಪ್ಪೀನ್ಸ್, ಬರ್ಮಾ ಮತ್ತು ಡಚ್ಚರ ಪೂರ್ವ ದ್ವೀಪಗಳನ್ನು ಗೆದ್ದುಕೊಂಡಿತು. 1942ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಸುಮಾರು 80,000 ಸೈನಿಕರು ಶಸ್ತ್ರ ಕೆಳಗಿಟ್ಟರು. ಅವರಲ್ಲಿ ಅರ್ಧದಷ್ಟು ಮಂದಿ ಭಾರತೀಯರು. ಏಪ್ರಿಲ್‌ನಲ್ಲಿ ಜಪಾನೀ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಸುರಿದವು; ಮದರಾಸಿನ ಜನ ಮನೆಗಳಿಗೆ ಬೀಗ ಹಾಕಿ ಒಳನಾಡಿಗೆ ಹೊರಟರು. ಜೂನ್ 21ರಂದು ಲಿಬಿಯಾದ ತೋಬ್ರುಕ್ ಕೋಟೆ ಬಿದ್ದು ಇನ್ನೂ 33,000 ಮಂದಿ ಸೆರೆಯಾದರು.

ಅಂದು ಪತ್ರಿಕೆ ಓದುತ್ತಿದ್ದವರಿಗೆ ಅಕ್ಷರಾಷ್ಟ್ರಗಳ ಗೆಲುವು ಕಾಲದ ಪ್ರಶ್ನೆಯಾಗಿ ಮಾತ್ರ ಕಂಡಿದ್ದರೆ ಅಚ್ಚರಿಯಿಲ್ಲ. ಆದರೆ ಭೂಪಟವು ತೋರಿಸದ ಸಂಗತಿಯೊಂದಿತ್ತು. ಜರ್ಮನಿಗೂ ಜಪಾನಿಗೂ ಸ್ವಂತ ತೈಲವು ಅತ್ಯಲ್ಪ. ಜಪಾನ್ ತನಗೆ ಬೇಕಾದ ತೈಲದ ಬಹುಪಾಲನ್ನು ಅಮೆರಿಕದಿಂದಲೇ ಕೊಳ್ಳುತ್ತಿತ್ತು. 1941ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿದ್ದು ಯುದ್ಧಕ್ಕೆ ಮುಖ್ಯ ಕಾರಣಗಳಲ್ಲೊಂದು. ಜರ್ಮನಿ ರುಮೇನಿಯದ ಬಾವಿಗಳನ್ನು ನೆಚ್ಚಿಕೊಂಡಿತ್ತು. ಇಂಧನಕ್ಕಾಗಿ ಹೊಸ ನೆಲವನ್ನು ಗೆಲ್ಲಬೇಕು; ಗೆದ್ದ ನೆಲವನ್ನು ಕಾಯಲು ಮತ್ತಷ್ಟು ಇಂಧನ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಗೃಹಸ್ಥರಿಗೆ ಹೇಳಿದ್ದು ನಿಜ. ಆದರೆ ಸಾಮ್ರಾಜ್ಯಗಳಿಗೂ ಅದು ಅಷ್ಟೇ ಸಲ್ಲುತ್ತದೆ.

ಮಿಡ್‌ವೇ: ಐದು ನಿಮಿಷಗಳು

ಹವಾಯಿಯ ವಾಯವ್ಯಕ್ಕೆ ಸುಮಾರು 2,100 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಮಿಡ್‌ವೇ ಎಂಬ ಪುಟ್ಟ ಹವಳದ್ವೀಪವಿದೆ. ಅದರ ಮೇಲೆ ದಾಳಿ ಮಾಡಿದರೆ ಅಮೆರಿಕದ ಉಳಿದ ವಿಮಾನವಾಹಕ ನೌಕೆಗಳು ರಕ್ಷಣೆಗೆ ಧಾವಿಸಿ ಬರುತ್ತವೆ, ಆಗ ಅವನ್ನು ಮುಳುಗಿಸಬಹುದು ಎಂಬುದು ಜಪಾನೀ ಅಡ್ಮಿರಲ್ ಯಮಮೊಟೊ ಅವರ ಯೋಜನೆ.

ಅಮೆರಿಕದ ನೌಕಾಪಡೆ ಜಪಾನಿನ ಗೂಢಲಿಪಿಯನ್ನು ಭಾಗಶಃ ಭೇದಿಸಿತ್ತು. ಜೋಸೆಫ್ ರೋಷ್‌ಫೋರ್ಟ್ ಅವರ ತಂಡಕ್ಕೆ ಶತ್ರುವಿನ ಸಂದೇಶಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಎರಡಕ್ಷರದ ಸ್ಥಳಸಂಕೇತವು ಮಿಡ್‌ವೇಯದೇ ಎಂಬ ಸಂಶಯವಿತ್ತು. ಖಚಿತಪಡಿಸಿಕೊಳ್ಳಲು ಸರಳವಾದ ಉಪಾಯವೊಂದನ್ನು ಹೂಡಿದರು. ಸಿಹಿನೀರಿನ ಯಂತ್ರ ಕೆಟ್ಟಿದೆಯೆಂದು ದ್ವೀಪದಿಂದ ಬಹಿರಂಗವಾಗಿಯೇ ರೇಡಿಯೊ ಸಂದೇಶ ಕಳುಹಿಸಲಾಯಿತು. ಕೆಲವೇ ದಿನಗಳಲ್ಲಿ, ಆ ಸಂಕೇತದ ಸ್ಥಳದಲ್ಲಿ ನೀರಿನ ಅಭಾವವಿದೆಯೆಂದು ಜಪಾನೀಯರು ತಮ್ಮವರಿಗೆ ತಿಳಿಸಿದರು. ಸಂಶಯ ಪರಿಹಾರವಾಯಿತು.

ಇದಕ್ಕಿಂತಲೂ ಬೋಧಪ್ರದವಾದದ್ದು ಎರಡು ಹಡಗುಗಳ ಕಥೆ. ಮೇ ತಿಂಗಳ ಹವಳ ಸಮುದ್ರದ ಕದನದಲ್ಲಿ ಅಮೆರಿಕದ ಯಾರ್ಕ್‌ಟೌನ್ ತೀವ್ರವಾಗಿ ಜಖಂಗೊಂಡಿತ್ತು. ಅದರ ದುರಸ್ತಿಗೆ ತಿಂಗಳುಗಳೇ ಬೇಕಾಗಬಹುದೆಂಬ ಅಂದಾಜಿದ್ದರೂ ಪರ್ಲ್ ಹಾರ್ಬರಿನ ಕಾರ್ಮಿಕರು ಹಗಲಿರುಳು ದುಡಿದು ಸುಮಾರು ಮೂರು ದಿನಗಳಲ್ಲಿ ಅದನ್ನು ಸಮುದ್ರಕ್ಕಿಳಿಸಿದರು. ಅದೇ ಕದನದಲ್ಲಿ ಜಪಾನಿನ ಜುಯಿಕಾಕುವಿಗೆ ಪೆಟ್ಟೇ ಬಿದ್ದಿರಲಿಲ್ಲ. ಅದರ ವೈಮಾನಿಕರು ಮಾತ್ರ ಬಹುವಾಗಿ ನಷ್ಟವಾಗಿದ್ದರು. ಬೇರೆ ಪಡೆಯ ವೈಮಾನಿಕರನ್ನು ತುಂಬಿ ಅದನ್ನು ಹೊರಡಿಸುವ ಅವಸರವನ್ನು ಯಾರೂ ತೋರಲಿಲ್ಲ. ಮೇಲಾಗಿ ಯಮಮೊಟೊ ತಮ್ಮ ಬಲದ ಒಂದು ಭಾಗವನ್ನು ದೂರದ ಅಲ್ಯೂಷಿಯನ್ ದ್ವೀಪಗಳತ್ತ ಕಳುಹಿಸಿದ್ದರು. ಹೀಗಾಗಿ ನಾಲ್ಕು ನೌಕೆಗಳ ಎದುರು ಎರಡರ ಬದಲು ಮೂರು ನೌಕೆಗಳು ನಿಂತವು.

ಜೂನ್ 4ರ ಮುಂಜಾನೆ ಅಮೆರಿಕದ ಮೊದಲ ದಾಳಿಗಳು ವಿಫಲವಾದವು. ಹಾರ್ನೆಟ್ ನೌಕೆಯಿಂದ ಹೊರಟ 15 ಟಾರ್ಪೆಡೊ ವಿಮಾನಗಳಲ್ಲಿ ಒಂದೂ ಮರಳಲಿಲ್ಲ. 30 ಮಂದಿಯಲ್ಲಿ ಉಳಿದವನು ಒಬ್ಬನೇ. ಆದರೆ ಕೆಳಮಟ್ಟದಲ್ಲಿ ಬಂದ ಆ ದಾಳಿಗಳನ್ನು ಎದುರಿಸುತ್ತಿದ್ದ ಜಪಾನೀ ರಕ್ಷಕ ವಿಮಾನಗಳು ಮೇಲಿನ ಆಕಾಶವನ್ನು ಕಾಯಲಾಗಲಿಲ್ಲ. ಬೆಳಗಿನ ಹತ್ತೂವರೆಯ ಸುಮಾರಿಗೆ ಎತ್ತರದಿಂದ ಎರಗಿದ ಬಾಂಬರ್‌ಗಳು ಸುಮಾರು ಐದು ನಿಮಿಷಗಳಲ್ಲಿ ಅಕಾಗಿ, ಕಾಗಾ ಮತ್ತು ಸೋರ್ಯು ನೌಕೆಗಳನ್ನು ಬೆಂಕಿಯ ಕೊಂಡಗಳನ್ನಾಗಿಸಿದವು. ಉಳಿದ ಹಿರ್ಯು ಅದೇ ಸಂಜೆ ಉರಿಯಿತು. ಯಾರ್ಕ್‌ಟೌನ್ ಕೂಡ ಉಳಿಯಲಿಲ್ಲ. ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಆರು ವಿಮಾನವಾಹಕಗಳಲ್ಲಿ ನಾಲ್ಕು ಒಂದೇ ಕದನದಲ್ಲಿ ಸಮುದ್ರದ ತಳ ಸೇರಿದವು. ಅಮೆರಿಕ ಅಂಥ ನಷ್ಟವನ್ನು ಒಂದೆರಡು ವರ್ಷಗಳಲ್ಲಿ ತುಂಬಿಕೊಳ್ಳಬಲ್ಲದಾಗಿತ್ತು. ಜಪಾನಿಗೆ ಅದು ಯುದ್ಧ ಮುಗಿಯುವವರೆಗೂ ಸಾಧ್ಯವಾಗಲಿಲ್ಲ.

ಎಲ್ ಅಲಮೈನ್: ಮರಳುಗಾಡಿನ ಬಾಗಿಲು

ಈಗ ಸಾಗರದಿಂದ ಮರಳುಗಾಡಿಗೆ ಬರೋಣ. ಅಲೆಕ್ಸಾಂಡ್ರಿಯಾದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಎಲ್ ಅಲಮೈನ್ ಆಗ ಒಂದು ಸಣ್ಣ ರೈಲು ನಿಲ್ದಾಣವಾಗಿತ್ತು. ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ಟ್ಯಾಂಕುಗಳು ದಾಟಲಾಗದ ಕತ್ತಾರಾ ತಗ್ಗುಪ್ರದೇಶ. ನಡುವೆ ಸುಮಾರು 60 ಕಿಲೋಮೀಟರ್ ಅಗಲದ ಬಾಗಿಲು. ಅದನ್ನು ಮುರಿದರೆ ಮುಂದೆ ಸೂಯೆಜ್ ಕಾಲುವೆ, ಅದರಾಚೆ ಮಧ್ಯಪ್ರಾಚ್ಯದ ತೈಲ.

ಈ ಬಾಗಿಲನ್ನು ಮೊದಲು ತಡೆದು ನಿಲ್ಲಿಸಿದವರಲ್ಲಿ ಭಾರತೀಯರಿದ್ದರು. ಜುಲೈ 1ರಂದು ದೇರ್ ಎಲ್ ಶೈನ್ ಎಂಬಲ್ಲಿ 18ನೆಯ ಭಾರತೀಯ ಬ್ರಿಗೇಡ್ ರೊಮೆಲ್‌ನ ಟ್ಯಾಂಕುಗಳಿಗೆ ಎದೆಗೊಟ್ಟು ಇಡೀ ದಿನ ಹೋರಾಡಿತು. ಬ್ರಿಗೇಡ್ ಬಹುಮಟ್ಟಿಗೆ ನಾಶವಾಯಿತು. ಆದರೆ ರೊಮೆಲ್ ಕಳೆದುಕೊಂಡ ಆ ಒಂದು ದಿನದಲ್ಲಿ ಹಿಂದಿನ ಸಾಲುಗಳು ಭದ್ರವಾದವು. ಮುಂದಿನ ಕದನಗಳಲ್ಲಿ ಹೆಸರಾದ ರುವೈಸಾತ್ ದಿಬ್ಬದ ಮೇಲೆಯೂ ಭಾರತೀಯ ಪಡೆಗಳು ರಕ್ತ ಚೆಲ್ಲಿದವು.

ರೊಮೆಲ್‌ನ ನಿಜವಾದ ಶತ್ರು ದೂರ. ಟ್ರಿಪೊಲಿ ಬಂದರಿನಿಂದ ಅಲಮೈನ್‌ಗೆ ಸುಮಾರು 2,000 ಕಿಲೋಮೀಟರ್ ರಸ್ತೆ. ಪೆಟ್ರೋಲ್ ಸಾಗಿಸುವ ಲಾರಿಗಳೇ ಅದರ ಬಹುಭಾಗವನ್ನು ಕುಡಿದುಬಿಡುತ್ತಿದ್ದವು. ಇಟಲಿಯಿಂದ ಬರುವ ತೈಲದ ಹಡಗುಗಳ ಸಂಚಾರವನ್ನು ಬ್ರಿಟಿಷರು ಗೂಢಲಿಪಿ ಭೇದಿಸಿ ಮುಂದಾಗಿಯೇ ತಿಳಿದು ಮುಳುಗಿಸುತ್ತಿದ್ದರು. ಇತ್ತ ಮಾಂಟ್‌ಗೊಮರಿಯ ಎಂಟನೆಯ ಸೇನೆಗೆ ಅಮೆರಿಕದಿಂದ 300 ಹೊಸ ಶರ್ಮನ್ ಟ್ಯಾಂಕುಗಳು ಬಂದಿದ್ದವು. ಅಕ್ಟೋಬರ್ 23ರ ಬೆಳದಿಂಗಳ ರಾತ್ರಿ ಸುಮಾರು 900 ಫಿರಂಗಿಗಳು ಒಮ್ಮೆಲೇ ಗರ್ಜಿಸಿದಾಗ ರೊಮೆಲ್ ಜರ್ಮನಿಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಅವರು ಧಾವಿಸಿ ಬಂದ ಬೆನ್ನಲ್ಲೇ ತೈಲ ತರುತ್ತಿದ್ದ ಪ್ರೊಸೆರ್ಪಿನಾ ಎಂಬ ಹಡಗು ತೋಬ್ರುಕ್ ಸಮೀಪ ಹೊತ್ತಿ ಉರಿಯಿತು.

ನಾಲ್ಕು ಲಕ್ಷಕ್ಕೂ ಹೆಚ್ಚು ನೆಲಬಾಂಬುಗಳ ನಡುವೆ ದಾರಿ ಮಾಡಿಕೊಂಡು ಹನ್ನೆರಡು ದಿನ ನಡೆದ ಈ ಹೋರಾಟದಲ್ಲಿ ಬ್ರಿಟಿಷರೊಂದಿಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ, ಭಾರತ, ಗ್ರೀಸ್ ಮತ್ತು ಸ್ವತಂತ್ರ ಫ್ರಾನ್ಸಿನ ಪಡೆಗಳಿದ್ದವು. ನವೆಂಬರ್ 4ರ ನಸುಕಿನಲ್ಲಿ 5ನೆಯ ಭಾರತೀಯ ಬ್ರಿಗೇಡ್ ತೆರೆದ ಬಿರುಕಿನ ಮೂಲಕ ಟ್ಯಾಂಕುಗಳು ಮುನ್ನುಗ್ಗಿದವು. ಎಂಟನೆಯ ಸೇನೆಯಲ್ಲಿ ಸತ್ತವರು, ಗಾಯಗೊಂಡವರು ಹಾಗೂ ಕಾಣೆಯಾದವರು ಸುಮಾರು 13,500. ನವೆಂಬರ್ 15ರ ಭಾನುವಾರ, 1940ರಿಂದ ಮೌನವಾಗಿದ್ದ ಇಲ್ಲಿನ ಚರ್ಚುಗಳ ಗಂಟೆಗಳು ಈ ವಿಜಯಕ್ಕಾಗಿ ಮೊಳಗಿದವು.

ಸ್ಟಾಲಿನ್‌ಗ್ರಾಡ್: ವೋಲ್ಗಾ ದಂಡೆ

ಈ ಎರಡೂ ಕದನಗಳನ್ನು ಕೂಡಿಸಿದರೂ ಸ್ಟಾಲಿನ್‌ಗ್ರಾಡಿನ ಪ್ರಮಾಣಕ್ಕೆ ಸಮವಾಗದು. 1942ರ ಬೇಸಿಗೆಯಲ್ಲಿ ಹಿಟ್ಲರನ ಗುರಿ ಕಾಕಸಸ್ ಪರ್ವತದ ಆಸುಪಾಸಿನ ತೈಲಕ್ಷೇತ್ರಗಳು: ಮೈಕೋಪ್, ಗ್ರೋಜ್ನಿ, ಬಾಕು. ಜೂನ್ 28ರಂದು ಆರಂಭವಾದ ದಂಡಯಾತ್ರೆಯನ್ನು ಅವನು ನಡುದಾರಿಯಲ್ಲಿ ಎರಡಾಗಿ ಸೀಳಿದ. ಒಂದು ಪಡೆ ತೈಲದತ್ತ, ಇನ್ನೊಂದು ವೋಲ್ಗಾ ನದಿಯ ದಂಡೆಯ ಸ್ಟಾಲಿನ್‌ಗ್ರಾಡಿನತ್ತ. ಎರಡಕ್ಕೂ ಸಾಕಾಗುವಷ್ಟು ಬಲ ಅವನಲ್ಲಿರಲಿಲ್ಲ.

ಆಗಸ್ಟ್ 23ರ ವಿಮಾನದಾಳಿಯಲ್ಲಿ ನಗರ ಉರಿದು ಬೂದಿಯಾಯಿತು. ಆ ಬೂದಿಯೇ ರಕ್ಷಕರಿಗೆ ಕೋಟೆಯಾಯಿತು. ಚುಯ್ಕೋವ್ ನೇತೃತ್ವದ 62ನೆಯ ಸೇನೆ ನದಿಗೆ ಬೆನ್ನು ಕೊಟ್ಟು, ಟ್ರ್ಯಾಕ್ಟರ್ ಕಾರ್ಖಾನೆಯ ಒಂದೊಂದು ಅಂಗಣಕ್ಕೂ, ಮನೆಯ ಒಂದೊಂದು ಮೆಟ್ಟಿಲಿಗೂ ಹೋರಾಡಿತು. ಮಮಾಯೆವ್ ದಿಬ್ಬ ಮತ್ತೆ ಮತ್ತೆ ಕೈ ಬದಲಿಸಿತು. ಪೌಲುಸ್‌ನ ಆರನೆಯ ಸೇನೆ ನಗರದೊಳಗೆ ಸಿಲುಕಿದಂತೆಲ್ಲ ಅದರ ಎರಡೂ ಪಕ್ಕಗಳನ್ನು ಕಾಯುವ ಹೊಣೆ ಸಾಕಷ್ಟು ಟ್ಯಾಂಕುನಿರೋಧಕ ಫಿರಂಗಿಗಳಿಲ್ಲದ ರುಮೇನಿಯದ ಸೇನೆಗಳ ಮೇಲೆ ಬಿತ್ತು.

ಸೋವಿಯೆತ್ ಸೇನಾಪತಿಗಳು ಇದನ್ನೇ ಕಾದಿದ್ದರು. 1941ರಲ್ಲಿ ಅವರು 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ, ರೈಲುಗಳಲ್ಲಿ ತುಂಬಿ, ಪೂರ್ವಕ್ಕೆ ಸಾಗಿಸಿದ್ದರು. ಯುರಾಲ್ ಪರ್ವತದಾಚೆ ಅವು ಟ್ಯಾಂಕುಗಳನ್ನು ತಯಾರಿಸುತ್ತಿದ್ದವು. ನವೆಂಬರ್ 19ರಂದು ಸುಮಾರು ಹತ್ತು ಲಕ್ಷ ಸೈನಿಕರ ಪ್ರತಿದಾಳಿ ಆರಂಭವಾಯಿತು. ನಾಲ್ಕೇ ದಿನಗಳಲ್ಲಿ ಎರಡು ಬಾಹುಗಳು ಕಲಾಚ್ ಬಳಿ ಕೂಡಿ, ಎರಡೂವರೆ ಲಕ್ಷಕ್ಕೂ ಮಿಗಿಲಾದ ಸೇನೆ ಸುತ್ತುವರಿಯಲ್ಪಟ್ಟಿತು. ವಿಮಾನಗಳಿಂದಲೇ ಆಹಾರ ಒದಗಿಸುವೆನೆಂದು ಗೋರಿಂಗ್ ಭರವಸೆ ಕೊಟ್ಟ. ದಿನಕ್ಕೆ ಬೇಕಿದ್ದುದು 500 ಟನ್. ಸರಾಸರಿ ತಲುಪಿದ್ದು 100 ಟನ್ನಿಗಿಂತ ಸ್ವಲ್ಪವೇ ಹೆಚ್ಚು. ಕುದುರೆಗಳ ಮಾಂಸ ತಿಂದು ಮುಗಿಸಿದ ಸೈನಿಕರು ಹಸಿವಿನಿಂದಲೂ ಚಳಿಯಿಂದಲೂ ಸತ್ತರು. 1943ರ ಜನವರಿ 31ರಂದು ಪೌಲುಸ್ ಸೆರೆಯಾದ. ಫೆಬ್ರವರಿ 2ರಂದು ಕೊನೆಯ ತುಕಡಿಗಳು ಶರಣಾದವು. ಸೆರೆಸಿಕ್ಕ ಸುಮಾರು 91,000 ಮಂದಿಯಲ್ಲಿ ಎಷ್ಟೋ ವರ್ಷಗಳ ಬಳಿಕ ಮನೆ ಸೇರಿದವರು ಸುಮಾರು 6,000. ಗೆದ್ದವರ ಪಕ್ಷದಲ್ಲಿ ಸತ್ತವರು ಮತ್ತು ಕಾಣೆಯಾದವರು ಸುಮಾರು 4 ಲಕ್ಷ 80 ಸಾವಿರ.

ತಿರುವಿನ ಲೆಕ್ಕ

ಮೂರೂ ಕಡೆ ಧೈರ್ಯಕ್ಕೆ ಕೊರತೆಯಿರಲಿಲ್ಲ, ಸೋತವರಲ್ಲಿಯೂ ಇರಲಿಲ್ಲ. ಕೊರತೆಯಿದ್ದದ್ದು ಲೆಕ್ಕಕ್ಕೆ. ಗೆಲುವಿನ ಅಮಲಿನಲ್ಲಿದ್ದ ಸೇನಾನಿಗಳು ತಮ್ಮ ದಾರಿ ಎಷ್ಟು ಉದ್ದವಾಗಿದೆ, ಅದರಲ್ಲಿ ಎಷ್ಟು ಹಡಗು, ಎಷ್ಟು ಲಾರಿ, ಎಷ್ಟು ರೊಟ್ಟಿ ಸಾಗಬಲ್ಲವು ಎಂದು ಎಣಿಸುವುದನ್ನು ಬಿಟ್ಟಿದ್ದರು. ಎದುರಾಳಿಗಳು ಸೋಲಿನಿಂದಲೇ ಎಣಿಸಲು ಕಲಿತರು. ಹಡಗನ್ನು ಬೆಸೆದ ಕಾರ್ಮಿಕರು, ಲಿಪಿಯನ್ನು ಭೇದಿಸಿದ ಗುಮಾಸ್ತರು, ಕಾರ್ಖಾನೆಯನ್ನು ರೈಲಿಗೇರಿಸಿದ ಸ್ತ್ರೀಪುರುಷರು, ಇವರೆಲ್ಲರೂ ಸೈನಿಕರಷ್ಟೇ ಯುದ್ಧವನ್ನು ತಿರುಗಿಸಿದವರು.

ಈ ಲೆಕ್ಕದಲ್ಲಿ ಬೆಂಗಳೂರಿಗೂ ಒಂದು ಪುಟವಿದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಿಂದ ಅಮೆರಿಕದ ವಾಯುಪಡೆಯ ಆಡಳಿತದಲ್ಲಿ, ಪೂರ್ವ ರಣರಂಗದ ಮಿತ್ರಪಕ್ಷಗಳ ವಿಮಾನಗಳನ್ನು ದುರಸ್ತಿಗೊಳಿಸುವ ದೊಡ್ಡ ಕೇಂದ್ರವಾಯಿತು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಜಾಲಹಳ್ಳಿಯ ಶಿಬಿರಗಳಲ್ಲಿ ಇರಿಸಲಾಗಿತ್ತು.

1944ರಲ್ಲಿ ಇದೇ ಪಾಠ ಭಾರತದ ನೆಲದಲ್ಲಿಯೇ ಮರುಕಳಿಸಿತು. ಸುಮಾರು ಮೂರು ವಾರಗಳ ಆಹಾರವನ್ನಷ್ಟೇ ಹೊತ್ತು ಚಿಂದ್ವಿನ್ ನದಿ ದಾಟಿದ ಜಪಾನೀ ಸೇನೆ ಇಂಫಾಲ್ ಮತ್ತು ಕೊಹಿಮಾಗಳನ್ನು ಮುತ್ತಿತು. ಕೊಹಿಮಾದ ಗುಡ್ಡದ ಮೇಲೆ ಸುಮಾರು 1,500 ಭಾರತೀಯ ಮತ್ತು ಬ್ರಿಟಿಷ್ ಯೋಧರು ಹತ್ತು ಪಟ್ಟು ದೊಡ್ಡ ಪಡೆಯನ್ನು ಎರಡು ವಾರಗಳ ಕಾಲ ತಡೆದರು. ಇಂಫಾಲಿಗೆ ವಿಮಾನಗಳು ಅನ್ನ ತಂದವು. ಜಪಾನೀಯರಿಗೆ ಅನ್ನ ಬರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಸಾವಿರಾರು ಮಂದಿ ಹಸಿವು ಮತ್ತು ರೋಗಗಳಿಂದ ಮಡಿದರು. 2013ರಲ್ಲಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯ ನಡೆಸಿದ ಮತದಾನದಲ್ಲಿ ಬ್ರಿಟನ್ನಿನ ಅತಿ ಶ್ರೇಷ್ಠ ಕದನವಾಗಿ ಆಯ್ಕೆಯಾದದ್ದು ವಾಟರ್‌ಲೂ ಅಲ್ಲ, ನಾರ್ಮಂಡಿಯೂ ಅಲ್ಲ. ಇಂಫಾಲ್ ಮತ್ತು ಕೊಹಿಮಾ.

ನಾವು ಯಾವ ಪಕ್ಷ?

ಇನ್ನು ಮಕ್ಕಳ ಎರಡನೆಯ ಪ್ರಶ್ನೆ. ಯುದ್ಧದ ಕೊನೆಗೆ ಭಾರತೀಯ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ ಮಂದಿ. ಕಡ್ಡಾಯ ಸೇವೆಯಿಲ್ಲದೆ ಸೇರಿದ ಸೈನ್ಯಗಳಲ್ಲಿ ಅದರಷ್ಟು ದೊಡ್ಡದು ಹಿಂದೆಂದೂ ಇರಲಿಲ್ಲ. ಅದೇ ಸಮಯದಲ್ಲಿ, ಸಿಂಗಾಪುರದಲ್ಲಿ ಸೆರೆಯಾದವರಲ್ಲಿ ಹಲವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಲ್ಲಿ ಸೇರಿ ಇಂಫಾಲಿನ ಕಡೆಗೆ ಎದುರು ದಿಕ್ಕಿನಿಂದ ನಡೆದು ಬಂದರು. ಒಂದೇ ಸೇನೆಯಲ್ಲಿ ಕವಾಯತು ಕಲಿತವರು ಗಡಿಯ ಬೆಟ್ಟಗಳಲ್ಲಿ ಪರಸ್ಪರ ಎದುರಾದರು.

ಅಲಮೈನ್‌ಗೂ ಸ್ಟಾಲಿನ್‌ಗ್ರಾಡ್‌ಗೂ ಸೇನೆಗಳು ಸಾಗುತ್ತಿದ್ದ ಅದೇ ತಿಂಗಳುಗಳಲ್ಲಿ ಭಾರತದಲ್ಲಿ ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಎಂಬ ಚಳವಳಿ ಎದ್ದಿತು. 1942ರ ಆಗಸ್ಟ್ 9ರ ಮುಂಜಾನೆ ಗಾಂಧೀಜಿಯವರನ್ನು ಬಂಧಿಸಲಾಯಿತು. ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಗ್ರಾಮಸ್ಥರು ತಮ್ಮ ಊರನ್ನು ಸ್ವತಂತ್ರವೆಂದು ಘೋಷಿಸಿದರು. 1943ರ ಮಾರ್ಚ್‌ನಲ್ಲಿ, ಸ್ಟಾಲಿನ್‌ಗ್ರಾಡ್ ಮುಗಿದ ಒಂದು ತಿಂಗಳಿಗೆ, ಅವರಲ್ಲಿ ಐವರು ಗಲ್ಲಿಗೇರಿದರು. ಅದೇ ವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. ಬರ್ಮಾದ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು. ಯುದ್ಧದ ಖರ್ಚಿನಿಂದ ಬೆಲೆಗಳು ಬಡವರ ಕೈಗೆಟುಕದಂತೆ ಏರಿದ್ದವು. ಸತ್ತವರು ಸುಮಾರು 30 ಲಕ್ಷವೆಂದು ಅನೇಕ ಇತಿಹಾಸಕಾರರ ಅಂದಾಜು.

ಹಾಗಾದರೆ ಹಾಸಿಗೆ ಮೀರಿ ಕಾಲು ಚಾಚಿದವರು ಸೋತವರು ಮಾತ್ರವಲ್ಲ. ತನ್ನ ಪ್ರಜೆಗಳಿಗೆ ಅನ್ನ ಒದಗಿಸಲಾಗದ, ಅವರನ್ನು ಕೇಳದೆಯೇ ಅವರ ಹೆಸರಿನಲ್ಲಿ ಯುದ್ಧ ಘೋಷಿಸಿದ ಬ್ರಿಟಿಷ್ ಸಾಮ್ರಾಜ್ಯವೂ ಅದೇ ತಪ್ಪನ್ನು ಮಾಡಿತ್ತು. ಅದು ಯುದ್ಧವನ್ನು ಗೆದ್ದಿತು. ಎರಡು ವರ್ಷಗಳಲ್ಲಿ ಭಾರತವನ್ನು ಬಿಟ್ಟಿತು. ನಾತ್ಸಿವಾದವು ಸೋತದ್ದು ಮನುಕುಲದ ಭಾಗ್ಯವೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆ ಗೆಲುವಿನ ಬೆಲೆಯನ್ನು ತೆತ್ತವರ ಪಟ್ಟಿಯಲ್ಲಿ ವೋಲ್ಗಾ ದಂಡೆಯ ಸೈನಿಕನೊಂದಿಗೆ ಬಂಗಾಳದ ತಾಯಿಯೂ ಇದ್ದಾಳೆ ಎಂಬುದೂ ಅಷ್ಟೇ ನಿಜ.

ಆದುದರಿಂದ ಮಕ್ಕಳಿಗೆ ನಾವು ಹೀಗೆ ಹೇಳಬಹುದೆನಿಸುತ್ತದೆ: ನಮ್ಮವರು ದೇರ್ ಎಲ್ ಶೈನ್‌ನಲ್ಲಿಯೂ ಇದ್ದರು, ಈಸೂರಿನಲ್ಲಿಯೂ ಇದ್ದರು, ಇಬ್ಬರನ್ನೂ ನೆನೆಯುವುದರಲ್ಲಿ ವಿರೋಧವಿಲ್ಲ. ಲಂಡನ್ನಿನ ಕಾನ್‌ಸ್ಟಿಟ್ಯೂಷನ್ ಹಿಲ್‌ನಲ್ಲಿ 2002ರಲ್ಲಿ ಉದ್ಘಾಟನೆಯಾದ ಸ್ಮಾರಕ ದ್ವಾರಗಳಿವೆ. ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಭಾರತ ಉಪಖಂಡ, ಆಫ್ರಿಕ ಮತ್ತು ಕೆರಿಬಿಯನ್ನಿನ 50 ಲಕ್ಷ ಜನರ ನೆನಪಿಗೆ ನಿಲ್ಲಿಸಿದ್ದು ಅವು. ರಾಜಧಾನಿಗೆ ಹೋದಾಗ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ. ಊರಿಗೆ ಹೋದಾಗ ಈಸೂರಿನ ಹುತಾತ್ಮ ಸ್ಮಾರಕವನ್ನೂ ತೋರಿಸಿರಿ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಕಾಲದಲ್ಲಿ ಸೈನ್ಯದಲ್ಲಿಯೋ ಕಾರ್ಖಾನೆಯಲ್ಲಿಯೋ ಸೆರೆಮನೆಯಲ್ಲಿಯೋ ಇದ್ದಿದ್ದರೆ, ಅವರ ಕಥೆಯನ್ನು ಬರೆದಿಡಿರಿ. ಪಠ್ಯಪುಸ್ತಕದ ಭೂಪಟದಲ್ಲಿ ಕಾಣದ ಆ ಸಾಲುಗಳನ್ನು ನಾವಲ್ಲದೆ ಬೇರೆ ಯಾರೂ ತುಂಬಲಾರರು.